ಸೆಂಟ್ರಲ್ ಹೀಟಿಂಗ್‌ನ ಕಪ್ಪು ಗಸಿ ತೆಗೆಯುವುದು: ಯಾವುದು ಮೊದಲು, ಯಾವುದು ಆಮೇಲೆ

ಬಾಯ್ಲರ್‌ನಲ್ಲಿ ಕಾಯಿಸಿದ ನೀರನ್ನು ಪೈಪ್‌ಗಳಲ್ಲಿ ಸುತ್ತಿಸಿ, ಕೋಣೆಗಳ ಗೋಡೆಗಿರುವ ರೇಡಿಯೇಟರ್‌ಗಳಿಂದ ಮನೆ ಬೆಚ್ಚಗಿಡುವ ವ್ಯವಸ್ಥೆಯೇ ಸೆಂಟ್ರಲ್ ಹೀಟಿಂಗ್. ರೇಡಿಯೇಟರ್‌ನ ಮೇಲ್ಗಡೆ ಮುಟ್ಟಿದರೆ ಕೈ ಸುಡುತ್ತದೆ, ಕೆಳಗಡೆ ತಣ್ಣಗಿದೆ. ಕ್ಲೀನರ್ ಬಾಟಲಿ ತಂದು ಸುರಿದಾಯಿತು. ಎರಡು ವಾರ ಪರವಾಗಿಲ್ಲ ಅನ್ನಿಸಿತು. ಆಮೇಲೆ ಮತ್ತೆ ಅದೇ ಪಾಡು. ಈ ದೂರನ್ನು ಬಹಳ ಜನರಿಂದ ಕೇಳಿದ್ದೇನೆ. ಏನೇನು ಮಾಡಿದಿರಿ ಅಂತ ಒಂದೊಂದಾಗಿ ಕೇಳುತ್ತಾ ಹೋದರೆ, ಎಲ್ಲರೂ ಎಡವಿರುವ ಜಾಗ ಒಂದೇ: ಕೆಲಸದ ಕ್ರಮ. ಗಟ್ಟಿಯಾಗಿ ಕೂತ ಗಸಿಯ ಮೇಲೆ ಸುಮ್ನೆ ಔಷಧಿ ಸುರಿದವರಿದ್ದಾರೆ. ಔಷಧಿ ಹಾಕಿ, ಅದನ್ನು ಹೊರಗೆ ತೆಗೆಯದೆ ಬಿಟ್ಟವರಿದ್ದಾರೆ. ಚೆನ್ನಾಗಿ ತೊಳೆದು ಕೊನೆಗೆ ತುಕ್ಕುನಿರೋಧಕ ಹಾಕುವುದನ್ನೇ ಮರೆತವರಂತೂ ಜಾಸ್ತಿ.

ಒಂದು ಸಂಗತಿ ತಿಳಿದಿದ್ದರೆ ಮುಂದಿನ ಹಂತಗಳೆಲ್ಲ ಸುಲಭವಾಗಿ ಅರ್ಥವಾಗುತ್ತವೆ. ಈ ಕಪ್ಪು ಗಸಿಯ ಬಹುಪಾಲು ನಿಮ್ಮ ರೇಡಿಯೇಟರ್‌ನ ಉಕ್ಕೇ. ಅದು ಒಳಗಿಂದ ಸವೆದು ನೀರಿಗೆ ಸೇರಿದೆ. ಮ್ಯಾಗ್ನೆಟೈಟ್ ಅಂತ ಅದರ ಹೆಸರು. ನೀರಿಗಿಂತ ಸುಮಾರು 5 ಪಟ್ಟು ಭಾರ. ಹಾಗಾಗಿ ನೀರಿನ ಓಟ ನಿಧಾನವಾಗುವ ಕಡೆ, ಅಂದರೆ ರೇಡಿಯೇಟರ್‌ನ ಕೆಳಗಿನ ನಡುಭಾಗದಲ್ಲಿ, ಹೋಗಿ ತಂಗುತ್ತದೆ. ಅದನ್ನು ತೆಗೆಯುವುದು ಅರ್ಧ ಕೆಲಸ. ಉಕ್ಕು ಮತ್ತೆ ಸವೆಯದಂತೆ ನೋಡಿಕೊಳ್ಳುವುದು ಇನ್ನರ್ಧ.

ಮೊದಲು ಇದು ಗಸಿಯೇ ಹೌದಾ ಅಂತ ನೋಡಿ

ಹೀಟಿಂಗ್ ಆಫ್ ಮಾಡಿ, ಎಲ್ಲಾ ರೇಡಿಯೇಟರ್ ಪೂರ್ತಿ ತಣ್ಣಗಾಗಲಿ. ಮತ್ತೆ ಆನ್ ಮಾಡಿ 20 ನಿಮಿಷ ಬಿಟ್ಟು ಒಂದೊಂದು ರೇಡಿಯೇಟರ್ ಹತ್ತಿರ ಹೋಗಿ. ಮೇಲೆ ಮೂರು ಕಡೆ, ಕೆಳಗೆ ಮೂರು ಕಡೆ ಅಂಗೈ ಹಿಂಭಾಗ ತಾಗಿಸಿ ನೋಡಿ, ಚೀಟಿಯಲ್ಲಿ ಬರೆದುಕೊಳ್ಳಿ.

ಕೆಳಗಿನ ನಡುಭಾಗ ಮಾತ್ರ ತಣ್ಣಗಿದ್ದರೆ ಗಸಿ. ಮೇಲ್ಗಡೆ ತಣ್ಣಗಿದ್ದು ಕೆಳಗೆ ಬಿಸಿಯಿದ್ದರೆ ಅದು ಗಾಳಿ. ರೇಡಿಯೇಟರ್‌ನ ಮೇಲ್ತುದಿಯಲ್ಲಿ ಗಾಳಿ ಬಿಡಲೆಂದೇ ಇರುವ ಬ್ಲೀಡ್ ವಾಲ್ವನ್ನು ಬ್ಲೀಡ್ ಕೀಯಿಂದ ತಿರುಗಿಸಿ ಗಾಳಿ ಬಿಟ್ಟರೆ ಸಾಕು, ಇಷ್ಟೆಲ್ಲ ಕೆಲಸ ಬೇಕಿಲ್ಲ. ಪಕ್ಕದ ಕೋಣೆಯದು ಬಿಸಿಯಿದ್ದು ಒಂದು ರೇಡಿಯೇಟರ್ ಮಾತ್ರ ಪೂರ್ತಿ ತಣ್ಣಗಿದ್ದರೆ, ಕೋಣೆಯ ಬಿಸಿಗೆ ತಕ್ಕಂತೆ ತಾನಾಗಿ ತೆರೆದು ಮುಚ್ಚುವ ಥರ್ಮೋಸ್ಟಾಟ್ ವಾಲ್ವ್‌ನ ಪಿನ್ ಅಂಟಿಕೊಂಡಿರುವ ಸಾಧ್ಯತೆ ಜಾಸ್ತಿ. ವಾಲ್ವ್‌ನ ತಲೆ ಬಿಚ್ಚಿ, ಪಿನ್ನನ್ನು ಚಪ್ಪಟೆ ವಸ್ತುವಿನಿಂದ ಮೆಲ್ಲಗೆ ಒತ್ತಿ. ಒತ್ತಿ ಬಿಟ್ಟರೆ ಅದು ಸ್ಪ್ರಿಂಗ್‌ನಂತೆ ಮೇಲೆ ಬರಬೇಕು. ಇಕ್ಕಳದಲ್ಲಿ ಹಿಡಿದು ಎಳೆಯಬೇಡಿ, ಪಿನ್ ಕಿತ್ತು ಬಂದರೆ ನೀರು ಚಿಮ್ಮುತ್ತದೆ.

ಇನ್ನು ನೀರಿನ ಪರೀಕ್ಷೆ. ತಣ್ಣಗಿರುವಾಗ ಬ್ಲೀಡ್ ವಾಲ್ವ್‌ನಿಂದಲೋ ನೀರು ಬಸಿಯಲು ತಗ್ಗಿನಲ್ಲಿರುವ ಡ್ರೈನ್ ವಾಲ್ವ್‌ನಿಂದಲೋ ಗಾಜಿನ ಬಾಟಲಿಗೆ ಒಂದಿಷ್ಟು ನೀರು ಹಿಡಿಯಿರಿ. ಹಿಡಿದ ಕೂಡಲೇ ಅದು ಮಸಿ ಕಲಸಿದಂತೆ ಕಾಣಬಹುದು. ಒಂದು ಗಂಟೆ ಅಲ್ಲಾಡಿಸದೆ ಇಡಿ. ಮೇಲಿನ ನೀರು ತಿಳಿಯಾಗಿ, ತಳದಲ್ಲಿ ನುಣ್ಣನೆಯ ಕಪ್ಪು ಪದರ ಕೂರುತ್ತದೆ. ಈಗ ಬಾಟಲಿಯ ಹೊರಗಿನಿಂದ ಒಂದು ಅಯಸ್ಕಾಂತ ಹಿಡಿದು ಮೆಲ್ಲಗೆ ಮೇಲಕ್ಕೆ ಸರಿಸಿ. ಕಪ್ಪು ಪುಡಿ ಗಾಜಿನ ಒಳಮೈಗೆ ಅಂಟಿಕೊಂಡು, ಕಂಬಳಿಹುಳದ ರೋಮದಂತೆ ನಿಮಿರಿ ನಿಂತು, ಅಯಸ್ಕಾಂತದ ಹಿಂದೆಯೇ ಹತ್ತುತ್ತದೆ. ಇದನ್ನು ಕಣ್ಣಾರೆ ನೋಡಿದ ಮೇಲೆ ಅನುಮಾನ ಉಳಿಯುವುದಿಲ್ಲ.

ನೀರು ಕಪ್ಪಿನ ಬದಲು ಕೆಂಪು-ಕಂದು ಬಣ್ಣಕ್ಕಿದ್ದರೆ ಜಾಸ್ತಿ ಎಚ್ಚರ ಬೇಕು. ಎಲ್ಲಿಂದಲೋ ಹೊಸ ಗಾಳಿ, ಹೊಸ ನೀರು ಒಳಗೆ ಸೇರುತ್ತಲೇ ಇದೆ ಅಂತ ಅರ್ಥ. ಆ ದಾರಿ ಮುಚ್ಚದೆ ಎಷ್ಟು ತೊಳೆದರೂ ಪ್ರಯೋಜನವಿಲ್ಲ.

ಇನ್ನೊಂದು ಸುಲಭದ ಪರೀಕ್ಷೆ ಇದೆ. ಎರಡು ಬಾಟಲಿ ತೆಗೆದುಕೊಳ್ಳಿ. ಒಂದರಲ್ಲಿ ಹೀಟಿಂಗ್ ನೀರು, ಇನ್ನೊಂದರಲ್ಲಿ ನಲ್ಲಿ ನೀರು. ಎರಡಕ್ಕೂ ಉಜ್ಜಿ ಹೊಳಪು ಮಾಡಿದ ಒಂದೊಂದು ಕಬ್ಬಿಣದ ಮೊಳೆ ಹಾಕಿ ಕೆಲವು ದಿನ ಇಡಿ. ಎರಡೂ ಒಂದೇ ರೀತಿ ತುಕ್ಕು ಹಿಡಿದರೆ ನಿಮ್ಮ ನೀರಿನಲ್ಲಿ ತುಕ್ಕುನಿರೋಧಕ ಇಲ್ಲ, ಅಥವಾ ಸಾಲದು.

ಕೈ ಹಾಕಬಾರದ ಸಂದರ್ಭಗಳು

ಬಾಯ್ಲರ್‌ನ ಹೊರಕವಚ ಬಿಚ್ಚುವ ಕೆಲಸ ಈ ಮಾರ್ಗದರ್ಶಿಯಲ್ಲಿ ಎಲ್ಲೂ ಇಲ್ಲ. ಗ್ಯಾಸ್, ಹೊಗೆ ಕೊಳವೆ, ಬರ್ನರ್ ಇವಕ್ಕೆ ಪರವಾನಗಿ ಇರುವವರೇ ಬೇಕು.

ರೇಡಿಯೇಟರ್‌ನ ಬೆಸುಗೆ ಸಾಲಿನಲ್ಲಿ ಬಣ್ಣ ಉಬ್ಬಿದೆಯೇ, ಕಂದು ಕಲೆ ಇದೆಯೇ ಅಂತ ಟಾರ್ಚ್ ಹಾಕಿ ನೋಡಿ. ಇದ್ದರೆ ಆ ರೇಡಿಯೇಟರ್ ತೊಳೆಯಬೇಡಿ, ಬದಲಿಸಿ. ಸವೆದ ಉಕ್ಕಿನ ಸೂಜಿತೂತುಗಳನ್ನು ಒಳಗಿನ ಗಸಿಯೇ ಮುಚ್ಚಿ ಹಿಡಿದಿರುತ್ತದೆ. ಗಸಿ ಹೋದ ಮಾರನೆಯ ದಿನ ಅಲ್ಲಿಂದ ನೀರು ಒಸರಲು ಶುರುವಾಗುತ್ತದೆ.

8 ಅಥವಾ 10 ಮಿಲಿಮೀಟರ್‌ನ ಸಣ್ಣ ಪೈಪ್‌ಗಳ ಮನೆಯಾಗಿದ್ದು, ಎರಡು ಮೂರು ರೇಡಿಯೇಟರ್ ಪೂರ್ತಿ ನಿಂತುಹೋಗಿದ್ದರೆ, ಪೈಪೇ ಕಟ್ಟಿಕೊಂಡಿರಬಹುದು. ಬಾಯ್ಲರ್ ಪದೇ ಪದೇ ದೋಷದ ಸಂಕೇತ ತೋರಿಸಿ ನಿಲ್ಲುತ್ತಿದ್ದರೆ, ಒಳಗಿನಿಂದ ಕೆಟಲ್ ಕುದಿಯುವಂಥ ಸದ್ದು ಬರುತ್ತಿದ್ದರೆ, ಬಾಯ್ಲರ್‌ನೊಳಗೆ ಬಿಸಿಯನ್ನು ನೀರಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರ್‌ವರೆಗೂ ಗಸಿ ಅಥವಾ ಸುಣ್ಣದ ಪದರ ಹೋಗಿದೆ ಅಂತಿಟ್ಟುಕೊಳ್ಳಿ. ಇಂಥ ಕಡೆ ಯಂತ್ರ ಹಾಕಿ ತೊಳೆಸುವುದೇ, ಅಂದರೆ ಪವರ್ ಫ್ಲಶ್ ಮಾಡಿಸುವುದೇ ಸರಿ.

ಬೇಕಾದ ಸಾಮಾನು

ಕೆಲಸ ಶುರುವಾದ ಮೇಲೆ ಅಂಗಡಿಗೆ ಓಡುವ ಹಾಗಿಲ್ಲ. ಹೀಟಿಂಗ್ ಬಿಚ್ಚಿಟ್ಟ ಮನೆ ಬೇಗ ತಣ್ಣಗಾಗುತ್ತದೆ. ಮುಂಚೆಯೇ ಎಲ್ಲ ಒಂದು ಕಡೆ ಗುಡ್ಡೆ ಹಾಕಿಕೊಳ್ಳಿ.

ಅಡ್ಜಸ್ಟಬಲ್ ಸ್ಪ್ಯಾನರ್ ಎರಡು. ಒಂದರಲ್ಲಿ ಆಗುವುದಿಲ್ಲ, ಯಾಕೆ ಅಂತ ಮುಂದೆ ಹೇಳುತ್ತೇನೆ. ಬ್ಲೀಡ್ ಕೀ, ತಗ್ಗಾದ ಟ್ರೇ, ಎರಡು ಬಕೆಟ್, ದಪ್ಪ ಪ್ಲಾಸ್ಟಿಕ್ ಹಾಳೆ, ಕೈಗೆ ಸಿಕ್ಕಷ್ಟು ಹಳೇ ಟವೆಲ್. ತೋಟದ ಹೋಸ್ ಪೈಪ್, ಅದನ್ನು ಬಿಗಿಯಲು ಸ್ಕ್ರೂ ಕ್ಲಿಪ್. ರಬ್ಬರ್ ಸುತ್ತಿಗೆ. ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ. ಗಾಜಿನ ಬಾಟಲಿ, ಅಯಸ್ಕಾಂತ, ಸಣ್ಣ ಕೊಳವೆ ಸಿಕ್ಕಿಸಿದ ಆಲಿಕೆ. ಡ್ರೈನ್ ವಾಲ್ವ್‌ಗೆ ಹೊಂದುವ ಒಂದು ಹೆಚ್ಚುವರಿ ವಾಷರ್.

ಔಷಧಿ ಎರಡು ಬೇರೆ ಬೇರೆ ಬಾಟಲಿ: ಗಸಿ ಸಡಿಲಿಸುವ ಕ್ಲೀನರ್, ಕೊನೆಯಲ್ಲಿ ಹಾಕುವ ತುಕ್ಕುನಿರೋಧಕ, ಅಂದರೆ ಇನ್‌ಹಿಬಿಟರ್. ಎರಡನ್ನೂ ಒಟ್ಟಿಗೆ ಹಾಕುವ ಹಾಗಿಲ್ಲ. ಬಾಯ್ಲರ್‌ನ ಹೀಟ್ ಎಕ್ಸ್‌ಚೇಂಜರ್ ಅಲ್ಯೂಮಿನಿಯಂನದಾದರೆ, ಅದಕ್ಕೆ ಹೊಂದುತ್ತದೆ ಅಂತ ಲೇಬಲ್‌ನಲ್ಲಿ ಬರೆದಿರುವುದನ್ನೇ ತನ್ನಿ. ತಪ್ಪು ರಾಸಾಯನಿಕ ಆ ಲೋಹವನ್ನು ತಿಂದುಬಿಡುತ್ತದೆ. ಎಷ್ಟು ನೀರಿಗೆ ಎಷ್ಟು ಔಷಧಿ ಅಂತಲೂ ಲೇಬಲ್‌ನಲ್ಲೇ ಇರುತ್ತದೆ. ದೊಡ್ಡ ಮನೆಗೆ ಒಂದು ಬಾಟಲಿ ಸಾಲದೇ ಹೋಗಬಹುದು.

ನಿಮ್ಮ ವ್ಯವಸ್ಥೆ ಎಂಥದ್ದು ಅಂತಲೂ ತಿಳಿದುಕೊಳ್ಳಿ. ಬಾಯ್ಲರ್ ಮೇಲೆ ಒತ್ತಡದ ಮಾಪಕ ಇದ್ದು, ನೀರು ತುಂಬಲು ವಾಲ್ವ್ ಇರುವ ಪೈಪ್ ಇದ್ದರೆ ಅದು ಮುಚ್ಚಿದ ವ್ಯವಸ್ಥೆ. ಅಟ್ಟದಲ್ಲಿ ತೇಲುಗುಂಡು ಇರುವ ಚಿಕ್ಕ ಟ್ಯಾಂಕ್ ಇದ್ದು, ಮೇಲಿಂದ ಬಾಗಿದ ಪೈಪ್ ಅದರೊಳಗೆ ಇಳಿಬಿದ್ದಿದ್ದರೆ ತೆರೆದ ವ್ಯವಸ್ಥೆ.

ಹಂತ 1: ಆರಿಸಿ, ತಣಿಸಿ, ಗುರುತು ಹಾಕಿ

ಬಾಯ್ಲರ್‌ನ ವಿದ್ಯುತ್ ಸ್ವಿಚ್ ಆಫ್ ಮಾಡಿ. ಟೈಮರ್ ಆಫ್ ಮಾಡಿದರೆ ಸಾಲದು, ನಡುವೆ ತಾನಾಗಿ ಶುರುವಾಗಬಹುದು. ಕೆಲವು ಗಂಟೆ ತಣಿಯಲು ಬಿಡಿ.

ಪ್ರತಿ ರೇಡಿಯೇಟರ್‌ಗೂ ಎರಡು ವಾಲ್ವ್ ಇರುತ್ತವೆ. ಒಂದು ನೀವು ದಿನಾ ತಿರುಗಿಸುವುದು. ಇನ್ನೊಂದು ಪ್ಲಾಸ್ಟಿಕ್ ಮುಚ್ಚಳದ ಕೆಳಗೆ ಅಡಗಿರುವ ಲಾಕ್‌ಶೀಲ್ಡ್ ವಾಲ್ವ್. ಈ ಎರಡನೆಯದನ್ನು ಮುಚ್ಚುವಾಗ ಎಷ್ಟು ಸುತ್ತು ತಿರುಗಿತು ಅಂತ ಎಣಿಸಿ ಬರೆಯಿರಿ. ‘ಹಾಲ್: ಒಂದೂಮುಕ್ಕಾಲು ಸುತ್ತು’, ‘ಮಹಡಿಯ ಕೋಣೆ: ಮೂರು ಸುತ್ತು’ ಹೀಗೆ. ಯಾವ ಕೋಣೆಗೆ ಎಷ್ಟು ನೀರು ಅಂತ ತೀರ್ಮಾನಿಸುವುದು ಈ ಸುತ್ತುಗಳೇ. ಎಣಿಸದೆ ಮುಚ್ಚಿದರೆ ಗಸಿ ಹೋದರೂ ಕೆಲವು ಕೋಣೆ ತಣ್ಣಗೇ ಉಳಿಯುತ್ತವೆ, ಆಮೇಲೆ ತೊಳೆದದ್ದೇ ಸರಿಯಾಗಿಲ್ಲ ಅಂದುಕೊಳ್ಳುತ್ತೀರಿ.

ಹಂತ 2: ಕೆಟ್ಟ ರೇಡಿಯೇಟರ್‌ಗಳನ್ನು ಮೊದಲು ಬಿಚ್ಚಿ ತೊಳೆಯಿರಿ

ಇಲ್ಲಿ ನನ್ನ ಅಭಿಪ್ರಾಯ ಖಚಿತ. ಕ್ಲೀನರ್‌ಗಿಂತ ಮುಂಚೆ ಇದು ಆಗಬೇಕು. ತಳದಲ್ಲಿ ಬೆರಳು ದಪ್ಪ ಕೂತ ಗಸಿಯನ್ನು ಯಾವ ಬಾಟಲಿಯೂ ಪೂರ್ತಿ ಕರಗಿಸುವುದಿಲ್ಲ. ಅರ್ಧಂಬರ್ಧ ಸಡಿಲಾಗಿ, ಪಂಪ್ ಓಡಿದಾಗ ಬಾಯ್ಲರ್ ಕಡೆಗೆ ಹೊರಡುತ್ತದೆ. ನಲ್ಲಿಗೂ ಬಿಸಿನೀರು ಕೊಡುವ ಬಾಯ್ಲರ್ ಆದರೆ, ಅದರೊಳಗೆ ತೆಳು ತಗಡುಗಳ ನಡುವೆ ಕಿರಿದಾದ ಸಂದುಗಳಿರುವ ಹೀಟ್ ಎಕ್ಸ್‌ಚೇಂಜರ್ ಇರುತ್ತದೆ. ಗಸಿ ಹೋಗಿ ಸಿಕ್ಕಿಕೊಳ್ಳುವುದು ಅಲ್ಲಿಯೇ. ಕ್ಲೀನರ್ ಹಾಕಿದ ಮೇಲೆ ನಲ್ಲಿಯಲ್ಲಿ ಒಮ್ಮೆ ಬಿಸಿ, ಒಮ್ಮೆ ತಣ್ಣೀರು ಬರಲು ಶುರುವಾಯಿತು ಅನ್ನುವವರ ಮನೆಯಲ್ಲಿ ಸಾಮಾನ್ಯವಾಗಿ ಆಗಿರುವುದು ಇದೇ.

ರೇಡಿಯೇಟರ್‌ನ ಎರಡೂ ವಾಲ್ವ್ ಮುಚ್ಚಿ. ಥರ್ಮೋಸ್ಟಾಟ್ ತಲೆಯನ್ನು ಸೊನ್ನೆಗೆ ತಿರುಗಿಸಿ ನಂಬಬೇಡಿ. ಕೋಣೆ ತೀರಾ ತಣ್ಣಗಾದರೆ ಅದು ತಾನಾಗಿ ತೆರೆದುಕೊಳ್ಳಬಹುದು. ತಲೆ ಬಿಚ್ಚಿ, ಅದರ ಜೊತೆ ಬರುವ ಗಟ್ಟಿ ಮುಚ್ಚಳ ಹಾಕಿ ಬಿಗಿಯಿರಿ.

ಈಗ ತಪ್ಪಿಸಲೇಬಾರದ ಪರೀಕ್ಷೆ. ಬ್ಲೀಡ್ ವಾಲ್ವ್ ಕೆಳಗೆ ಬಟ್ಟೆ ಹಿಡಿದು ಕಾಲು ಸುತ್ತು ತೆರೆಯಿರಿ. ಒಂದಿಷ್ಟು ನೀರು ಚಿಮ್ಮಿ ನಿಲ್ಲಬೇಕು. ನಿಲ್ಲದೆ ಬರುತ್ತಲೇ ಇದ್ದರೆ ಎರಡರಲ್ಲಿ ಒಂದು ವಾಲ್ವ್ ಮುಚ್ಚಿಲ್ಲ. ಆ ಸ್ಥಿತಿಯಲ್ಲಿ ನಟ್ ಬಿಚ್ಚಿದರೆ ಇಡೀ ಮನೆಯ ಹೀಟಿಂಗ್ ನೀರು ನೆಲಕ್ಕೆ ಬರುತ್ತದೆ. ವಾಲ್ವ್ ಮುಚ್ಚದಿದ್ದರೆ ಇಡೀ ವ್ಯವಸ್ಥೆಯ ನೀರು ಬಸಿದೇ ಮುಂದುವರಿಯಬೇಕು.

ನಿಂತರೆ ಬ್ಲೀಡ್ ಮತ್ತೆ ಮುಚ್ಚಿ. ಪ್ಲಾಸ್ಟಿಕ್ ಹಾಸಿ, ಮೇಲೆ ಟವೆಲ್, ಅದರ ಮೇಲೆ ಟ್ರೇ. ಒಂದು ಸ್ಪ್ಯಾನರ್‌ನಿಂದ ವಾಲ್ವ್‌ನ ಮೈ ಗಟ್ಟಿಯಾಗಿ ಹಿಡಿದು, ಇನ್ನೊಂದರಿಂದ ರೇಡಿಯೇಟರ್‌ಗೂ ವಾಲ್ವ್‌ಗೂ ನಡುವಿನ ನಟ್ ತಿರುಗಿಸಿ. ಹಿಡಿಯದೆ ತಿರುಗಿಸಿದರೆ ಪೈಪೇ ತಿರುಚಿಕೊಂಡು ನೆಲದ ಕೆಳಗಿನ ಜೋಡಣೆ ಸಡಿಲವಾಗುತ್ತದೆ. ತಿರುಗಿಸುವ ದಿಕ್ಕಿನಲ್ಲಿ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. ರೇಡಿಯೇಟರ್ ಕಡೆ ನಿಂತು ವಾಲ್ವ್ ಕಡೆ ನೋಡುತ್ತಿದ್ದೀರಿ ಅಂದುಕೊಳ್ಳಿ. ಗಡಿಯಾರದ ಮುಳ್ಳಿಗೆ ವಿರುದ್ಧ ತಿರುಗಿಸಿದರೆ ಸಡಿಲ.

ನೀರು ಬರತೊಡಗಿದಾಗ ಗಾಬರಿ ಬೇಡ. ಬ್ಲೀಡ್ ಮುಚ್ಚಿರುವವರೆಗೆ ಒಳಗೆ ಗಾಳಿ ಹೋಗುವುದಿಲ್ಲ, ನೀರು ಗುಟುಕು ಗುಟುಕಾಗಿ ಮಾತ್ರ ಬರುತ್ತದೆ. ಬ್ಲೀಡ್ ಸ್ವಲ್ಪ ತೆರೆದರೆ ಓಟ ಜಾಸ್ತಿ, ಮುಚ್ಚಿದರೆ ಕಡಿಮೆ. ಟ್ರೇ ತುಂಬಿದಾಗ ಬ್ಲೀಡ್ ಮುಚ್ಚಿ, ನಟ್ ಕೈಯಲ್ಲೇ ಬಿಗಿದು, ಬಕೆಟ್‌ಗೆ ಸುರಿದು ಬನ್ನಿ. ಎರಡು ಪದರದ ಮಧ್ಯಮ ಗಾತ್ರದ ರೇಡಿಯೇಟರ್‌ನಲ್ಲಿ 5ರಿಂದ 8 ಲೀಟರ್ ನೀರಿರುತ್ತದೆ.

ಇನ್ನೊಂದು ಬದಿಯ ನಟ್ ಕೂಡ ಬಿಚ್ಚಿ, ಇಬ್ಬರು ಸೇರಿ ಮೇಲಕ್ಕೆತ್ತಿ ಗೋಡೆಯ ಕೊಕ್ಕೆಯಿಂದ ಬಿಡಿಸಿ. ಒಬ್ಬರೇ ಎತ್ತುವ ಸಾಹಸ ಬೇಡ, ನೀರಿಲ್ಲದಿದ್ದರೂ ಒಂದು ರೇಡಿಯೇಟರ್ 30 ಕಿಲೋ ಮೀರಬಹುದು. ಎತ್ತುವ ಮುಂಚೆಯೇ ಎರಡೂ ತುದಿಗೆ ಬಟ್ಟೆ ತುರುಕಿ, ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿ. ಬಾಗಿಲ ಹತ್ತಿರ ವಾಲಿಸಿದಾಗ ಉಳಿದ ಒಂದು ಲೋಟ ಕಪ್ಪು ನೀರು ಜಮಖಾನೆಗೆ ಬಿದ್ದರೆ ಆ ಕಲೆ ಹೋಗುವುದಿಲ್ಲ. ನಮ್ಮ ಮನೆಯಲ್ಲಿ ಮೊದಲ ಸಲ ಹೀಗೇ ಆಯಿತು. ಎಷ್ಟು ಉಜ್ಜಿದರೂ ಅಂಗೈ ಅಗಲದ ಬೂದು ಗುರುತು ಉಳಿದುಬಿಟ್ಟಿತು.

ಹೊರಗೆ ತಂದು ಒಂದು ತುದಿಗೆ ಹೋಸ್ ಇಟ್ಟು ಜೋರಾಗಿ ನೀರು ಬಿಡಿ. ನೀರು ಹರಿಯುತ್ತಿರುವಾಗಲೇ ತಳದ ಉದ್ದಕ್ಕೂ ರಬ್ಬರ್ ಸುತ್ತಿಗೆಯಿಂದ ತಟ್ಟಿ. ಮೊದಲು ಟಾರಿನಂತೆ ದಪ್ಪಗೆ ಬರುತ್ತದೆ, ಆಮೇಲೆ ಬೂದು, ಆಮೇಲೆ ತಿಳಿ. ತಿಳಿಯಾಯಿತು ಅಂತ ನಿಲ್ಲಿಸಬೇಡಿ. ರೇಡಿಯೇಟರ್ ತಲೆಕೆಳಗು ಮಾಡಿ, ಇನ್ನೊಂದು ತುದಿಯಿಂದ ನೀರು ಬಿಡಿ. ಮತ್ತೆ ಕಪ್ಪು ಬರುತ್ತದೆ. ಅರ್ಧ ನೀರು ತುಂಬಿ ಇಬ್ಬರೂ ಹಿಡಿದು ಅತ್ತಿತ್ತ ಅಲುಗಾಡಿಸಿ ಚೆಲ್ಲಿ. ಮೂರು ನಾಲ್ಕು ಸಲ ಹೀಗೆ ಜಾಲಿಸಿದ ಮೇಲೆ, ಯಾವ ಕಡೆಯಿಂದ ಬಿಟ್ಟರೂ ತಿಳಿ ನೀರೇ ಬಂದರೆ ಮುಗಿಯಿತು. ಕಪ್ಪು ನೀರನ್ನು ಗಿಡಕ್ಕೂ ಮಳೆನೀರಿನ ಚರಂಡಿಗೂ ಬಿಡದೆ ಒಳಚರಂಡಿಗೆ ಬಿಡಿ.

ರೇಡಿಯೇಟರ್ ಹೊರಗಿರುವಾಗಲೇ ಪೈಪ್‌ಗಳನ್ನೂ ನೋಡಿಬಿಡಿ. ಒಂದು ವಾಲ್ವ್‌ನ ಬಾಯಿಗೆ ಬಕೆಟ್ ಹಿಡಿದು ಎರಡು ಸೆಕೆಂಡ್ ತೆರೆಯಿರಿ, ಮುಚ್ಚಿ. ಇನ್ನೊಂದರಲ್ಲೂ ಹಾಗೇ. ನೀರು ಚಿಮ್ಮಿದರೆ ದಾರಿ ಸರಿಯಿದೆ. ಬರೀ ತೊಟ್ಟಿಕ್ಕಿದರೆ ಮಾಪಕ ನೋಡಿ. ಒತ್ತಡ ಇದ್ದೂ ನೀರು ಬರದಿದ್ದರೆ ಆ ಕವಲು ಕಟ್ಟಿದೆ.

ವಾಪಸ್ ಜೋಡಿಸುವಾಗ ನಟ್‌ನ ಒಳಗಿನ ಎರಡೂ ಲೋಹದ ಮುಖಗಳನ್ನು ಒರೆಸಿ. ಅಲ್ಲಿ ಒಂದು ಕಣ ಗಸಿ ಉಳಿದರೂ ಜಿನುಗುತ್ತದೆ. ಈ ನಟ್‌ನ ತಿರುಪಿಗೆ ಟೇಪ್ ಸುತ್ತಬೇಕಿಲ್ಲ. ನೀರು ತಡೆಯುವುದು ಲೋಹಕ್ಕೆ ಲೋಹ ಒತ್ತಿಕೊಳ್ಳುವ ಆ ಮುಖ, ತಿರುಪಲ್ಲ.

ಹಂತ 3: ತೆರೆದ ವ್ಯವಸ್ಥೆಯಾದರೆ ಅಟ್ಟದ ಟ್ಯಾಂಕ್

ಮುಚ್ಚಿದ ವ್ಯವಸ್ಥೆಯವರು ಇದನ್ನು ಬಿಟ್ಟು ಮುಂದೆ ಹೋಗಿ. ಉಳಿದವರು ಟ್ಯಾಂಕಿನ ತೇಲುಗುಂಡನ್ನು ಮೇಲಕ್ಕೆ ಕಟ್ಟಿ, ಒಳಗಿನ ನೀರು ಮೊಗೆದು, ತಳದ ಕೊಳೆ ಸ್ಪಂಜಿನಿಂದ ತೆಗೆಯಿರಿ. ಪೈಪ್ ಬಾಯಿಗೆ ಬಿರಡೆ ಹಾಕಿಯೇ ಒರೆಸಿ, ಇಲ್ಲದಿದ್ದರೆ ಕೊಳೆಯೆಲ್ಲ ಕೆಳಗಿಳಿಯುತ್ತದೆ. ಬಿರಡೆ ತೆಗೆಯಲು ಮರೆಯಬೇಡಿ. ಟ್ಯಾಂಕಿನಿಂದ ಇಳಿಯುವ ಪೈಪ್ ಹೀಟಿಂಗ್ ಪೈಪಿಗೆ ಸೇರುವ ಜಾಗದಲ್ಲಿ ಗಸಿ ಕಲ್ಲಿನಂತೆ ಕಟ್ಟಿಕೊಳ್ಳುವುದುಂಟು. ನೀರು ಬಸಿದ ಮೇಲೆ ಮತ್ತೆ ತುಂಬಲು ತೀರಾ ಹೊತ್ತು ಹಿಡಿದರೆ ಅಲ್ಲಿಯೇ ಅನುಮಾನಪಡಿ.

ಹಂತ 4: ಕ್ಲೀನರ್ ಹಾಕಿ ಓಡಿಸಿ

ಮುಚ್ಚಿದ ವ್ಯವಸ್ಥೆಗೆ ಔಷಧಿ ಹೇಗೆ ಹಾಕುವುದು ಅಂತ ಬಹಳ ಜನ ಪರದಾಡುತ್ತಾರೆ. ಹಂತ 2ರ ಕ್ರಮ ಅನುಸರಿಸಿದ್ದರೆ ಅದು ತೀರಾ ಸುಲಭ. ಕೊನೆಯದಾಗಿ ತೊಳೆದ ರೇಡಿಯೇಟರನ್ನು ಜೋಡಿಸಿದ್ದೀರಿ, ಅದರ ವಾಲ್ವ್ ಇನ್ನೂ ತೆರೆದಿಲ್ಲ, ಒಳಗೆ ಖಾಲಿ ಇದೆ ಅಲ್ವಾ? ಬ್ಲೀಡ್ ವಾಲ್ವ್ ಇರುವ ಬಿರಡೆಯನ್ನೇ ಪೂರ್ತಿ ಬಿಚ್ಚಿ, ಕೊಳವೆಯ ಆಲಿಕೆಯಿಂದ ಕ್ಲೀನರ್ ಒಳಗೆ ಸುರಿದು, ಬಿರಡೆ ಬಿಗಿದು ಆಮೇಲೆ ವಾಲ್ವ್ ತೆರೆಯಿರಿ. ಗ್ಲೌಸ್, ಕನ್ನಡಕ ಹಾಕಿಯೇ ಮಾಡಿ. ತೆರೆದ ವ್ಯವಸ್ಥೆಯಾದರೆ ಅಟ್ಟದ ಟ್ಯಾಂಕಿಗೆ ಸುರಿದು, ಕೆಳಗೆ ಒಂದಿಷ್ಟು ನೀರು ಬಸಿದರೆ ಔಷಧಿ ಒಳಗೆ ಇಳಿಯುತ್ತದೆ.

ನೀರು ತುಂಬಿ, ಗಾಳಿ ತೆಗೆದು, ಮಾಪಕ 1ರಿಂದ 1.5 ಬಾರ್ ತೋರಿಸುವಂತೆ ಮಾಡಿ. ಎಲ್ಲಾ ವಾಲ್ವ್‌ಗಳನ್ನೂ, ಲಾಕ್‌ಶೀಲ್ಡ್ ಸಮೇತ, ಪೂರ್ತಿ ತೆರೆಯಿರಿ. ಸುತ್ತು ಬರೆದ ಚೀಟಿ ಜೋಪಾನ. ಹೀಟಿಂಗ್ ಆನ್ ಮಾಡಿ.

ಎಷ್ಟು ಹೊತ್ತು ಅನ್ನುವುದನ್ನು ಬಾಟಲಿ ಹೇಳಬೇಕು. ಕೆಲವು ಕ್ಲೀನರ್ ಕೆಲವೇ ಗಂಟೆಗಳಲ್ಲಿ ಕೆಲಸ ಮುಗಿಸುತ್ತವೆ, ಮೆದುವಾದವನ್ನು ದಿನಗಟ್ಟಲೆ ಬಿಡಬೇಕಾಗುತ್ತದೆ. ಜಾಸ್ತಿ ದಿನ ಇದ್ದರೆ ಜಾಸ್ತಿ ಒಳ್ಳೆಯದು ಅನ್ನುವುದು ತಪ್ಪು. ಬರೆದ ಅವಧಿ ಮುಗಿದ ಮೇಲೆ ಅದು ಒಳಗಿರಬಾರದು.

ಮ್ಯಾಗ್ನೆಟಿಕ್ ಫಿಲ್ಟರ್ ಹಾಕಿಸುವ ಯೋಚನೆ ಇದ್ದರೆ ಈ ಹಂತಕ್ಕೆ ಮುಂಚೆಯೇ ಹಾಕಿಸಿ. ರೇಡಿಯೇಟರ್‌ಗಳಿಂದ ಬಾಯ್ಲರ್‌ಗೆ ವಾಪಸ್ ಹೋಗುವ ಪೈಪ್‌ನಲ್ಲಿ, ಬಾಯ್ಲರ್ ಹತ್ತಿರ ಅದರ ಜಾಗ. ಕದಡಿದ ಗಸಿ ಬಾಯ್ಲರ್ ತಲುಪುವ ಮೊದಲೇ ಅಲ್ಲಿ ಸಿಕ್ಕಿಬೀಳುತ್ತದೆ.

ಹಂತ 5: ಬೆಚ್ಚಗಿರುವಾಗಲೇ ಹೊರಗೆ ಬಿಡಿ

ಬಾಯ್ಲರ್ ಆಫ್ ಮಾಡಿ, ನೀರು ಕೈ ಸುಡದಷ್ಟು ಆರಲಿ. ಆದರೆ ನಾಳೆ ನೋಡೋಣ ಅಂತ ರಾತ್ರಿಯಿಡೀ ಬಿಡಬೇಡಿ. ಅಷ್ಟು ಕಷ್ಟಪಟ್ಟು ಕದಡಿದ್ದೆಲ್ಲ ಬೆಳಗಾಗುವಷ್ಟರಲ್ಲಿ ಮತ್ತೆ ತಳ ಸೇರಿರುತ್ತದೆ.

ಎಲ್ಲಕ್ಕಿಂತ ತಗ್ಗಿನಲ್ಲಿರುವ ಡ್ರೈನ್ ವಾಲ್ವ್‌ಗೆ ಹೋಸ್ ಸಿಕ್ಕಿಸಿ ಕ್ಲಿಪ್ ಬಿಗಿಯಿರಿ. ಇನ್ನೊಂದು ತುದಿ ಒಳಚರಂಡಿಗೆ. ವಾಲ್ವ್ ತೆರೆದು, ಮಹಡಿಯ ಬ್ಲೀಡ್ ವಾಲ್ವ್‌ಗಳಿಂದ ಶುರುಮಾಡಿ ಗಾಳಿ ಒಳಗೆ ಬಿಟ್ಟರೆ ನೀರು ಸರಾಗವಾಗಿ ಇಳಿಯುತ್ತದೆ. ಹಳೆಯ ಡ್ರೈನ್ ವಾಲ್ವ್‌ನ ವಾಷರ್ ಗಟ್ಟಿಯಾಗಿ ಒಡೆದಿರುತ್ತದೆ, ಒಮ್ಮೆ ತೆರೆದರೆ ಮತ್ತೆ ಸರಿಯಾಗಿ ಮುಚ್ಚುವುದಿಲ್ಲ. ಹೆಚ್ಚುವರಿ ವಾಷರ್ ತನ್ನಿ ಅಂದದ್ದು ಅದಕ್ಕೇ. ನೀರು ಪೂರ್ತಿ ಖಾಲಿಯಾದಾಗ ಬದಲಿಸಿಬಿಡಿ.

ಹಂತ 6: ತಿಳಿಯಾಗುವವರೆಗೆ ತೊಳೆಯಿರಿ

ಬಹುತೇಕ ಎಲ್ಲರೂ ಅವಸರ ಮಾಡುವುದು ಇಲ್ಲಿ. ಒಮ್ಮೆ ತುಂಬಿ ಒಮ್ಮೆ ಬಿಟ್ಟರೆ ಸಾಲುವುದಿಲ್ಲ. ಉಳಿದ ಕ್ಲೀನರ್ ಆಮೇಲೆ ಹಾಕುವ ತುಕ್ಕುನಿರೋಧಕದ ಕೆಲಸವನ್ನು ಕೆಡಿಸುತ್ತದೆ.

ಬ್ಲೀಡ್ ವಾಲ್ವ್‌ಗಳನ್ನೆಲ್ಲ ಮುಚ್ಚಿ ನೀರು ತುಂಬಿ. ಆಮೇಲೆ ಡ್ರೈನ್ ತೆರೆದೇ ಇಟ್ಟು, ತುಂಬುವ ವಾಲ್ವ್‌ನಿಂದ ಹೊಸ ನೀರು ಬಿಡುತ್ತಾ ಇರಿ. ಈಗ ಒಂದೇ ಒಂದು ರೇಡಿಯೇಟರ್ ತೆರೆದಿಟ್ಟು ಉಳಿದದ್ದೆಲ್ಲ ಮುಚ್ಚಿ. ಎಲ್ಲ ತೆರೆದಿದ್ದರೆ ನೀರು ಸುಲಭದ ದಾರಿ ಹಿಡಿದು ಹೋಗುತ್ತದೆ, ಕಟ್ಟಿದ ಕಡೆ ಹೋಗುವುದೇ ಇಲ್ಲ. ಒಂದನ್ನೇ ಬಿಟ್ಟಾಗ ಪೂರ್ತಿ ಓಟ ಅದರಲ್ಲೇ ಹಾಯಬೇಕಾಗುತ್ತದೆ. ತಳಕ್ಕೆ ರಬ್ಬರ್ ಸುತ್ತಿಗೆಯಿಂದ ತಟ್ಟುತ್ತಾ, ಹೋಸ್‌ನ ತುದಿಯಲ್ಲಿ ಬಣ್ಣ ನೋಡುತ್ತಾ ಇರಲು ಇನ್ನೊಬ್ಬರು ಬೇಕು. ತಿಳಿಯಾದ ಮೇಲೆ ಮುಂದಿನದು. ಮಹಡಿಯಿಂದ ಕೆಳಕ್ಕೆ ಬನ್ನಿ.

ಕೊನೆಗೆ ಎರಡು ಬಾಟಲಿ ಅಕ್ಕಪಕ್ಕ ಇಡಿ: ಹೋಸ್‌ನ ನೀರು, ನಲ್ಲಿಯ ನೀರು. ಬಿಳಿ ಕಾಗದದ ಮುಂದೆ ಹಿಡಿದರೆ ವ್ಯತ್ಯಾಸ ಕಾಣಬಾರದು. ನೀರಿನ ಲವಣಾಂಶ ಅಳೆಯುವ ಟಿಡಿಎಸ್ ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಎರಡರ ಅಂಕಿ ಹತ್ತಿರ ಹತ್ತಿರ ಬಂದರೆ ಕ್ಲೀನರ್ ಪೂರ್ತಿ ಹೋಗಿದೆ. ಕಣ್ಣಿಗೆ ತಿಳಿಯಾಗಿ ಕಂಡರೂ ಔಷಧಿ ಉಳಿದಿರಬಹುದು, ಅದನ್ನು ಈ ಮೀಟರ್ ಹಿಡಿಯುತ್ತದೆ.

ಹಂತ 7: ಅದೇ ದಿನ ತುಕ್ಕುನಿರೋಧಕ

ತೊಳೆದ ಉಕ್ಕು ಬೆತ್ತಲೆ ಉಕ್ಕು. ಹೊಸ ನೀರಿನ ತುಂಬ ಆಮ್ಲಜನಕ. ಇವೆರಡನ್ನೂ ಒಂದು ವಾರ ಹಾಗೇ ಬಿಟ್ಟರೆ ತುಕ್ಕು ಮತ್ತೆ ಶುರು. ಬಾಟಲಿ ಕೈಯಲ್ಲಿ ಇಲ್ಲದೆ ಹಂತ 5ಕ್ಕೆ ಹೋಗಲೇಬೇಡಿ.

ಒಂದು ರೇಡಿಯೇಟರ್ ಖಾಲಿ ಮಾಡಿ, ಹಂತ 4ರಲ್ಲಿ ಮಾಡಿದಂತೆಯೇ ಹಾಕಿ. ಫಿಲ್ಟರ್ ಇದ್ದರೆ ಅದರ ಬಾಯಿಂದಲೂ ಹಾಕಬಹುದು. ನೀರು ತುಂಬಿ, ಪಂಪ್ ನಿಂತಿರುವಾಗ ಕೆಳಗಿನ ಮಹಡಿಯಿಂದ ಶುರುಮಾಡಿ ಮೇಲಕ್ಕೆ ಗಾಳಿ ಬಿಡಿ. ಗಾಳಿ ಬಿಡುವಾಗ ಹತ್ತಿರ ಬೆಂಕಿ, ಸಿಗರೇಟು ಬೇಡ. ಉಕ್ಕು ಸವೆಯುವಾಗ ಹೈಡ್ರೋಜನ್ ಹುಟ್ಟುತ್ತದೆ, ಅದು ಹೊತ್ತಿಕೊಳ್ಳುವ ಅನಿಲ.

ಒತ್ತಡ 1ರಿಂದ 1.5 ಬಾರ್‌ಗೆ ತಂದು, ತುಂಬುವ ವಾಲ್ವ್ ಬಿಗಿಯಾಗಿ ಮುಚ್ಚಿ, ಬಿಚ್ಚಲು ಬರುವಂಥದ್ದಾದರೆ ಕೊಳವೆಯನ್ನೇ ಬಿಚ್ಚಿಡಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಪರಿಚಯದವರೊಬ್ಬರು ಎರಡು ದಿನ ಬೆವರು ಸುರಿಸಿ ಎಲ್ಲ ತೊಳೆದಿದ್ದರು. ತುಂಬುವ ವಾಲ್ವ್ ಮಾತ್ರ ಕೂದಲೆಳೆಯಷ್ಟು ತೆರೆದಿತ್ತು. ಒಳಗೆ ಒತ್ತಡ ಏರಿ, 3 ಬಾರ್‌ಗೆ ತೆರೆಯುವ ಸುರಕ್ಷಾ ವಾಲ್ವ್‌ನಿಂದ ನೀರು ಹೊರಗೋಡೆಯ ಪೈಪಿನಲ್ಲಿ ತೊಟ್ಟಿಕ್ಕುತ್ತಿತ್ತು. ಅಷ್ಟೇ ಹೊಸ ನೀರು ಒಳಗೆ ಬರುತ್ತಿತ್ತು. ತುಕ್ಕುನಿರೋಧಕವೆಲ್ಲ ಹೀಗೇ ತೊಟ್ಟು ತೊಟ್ಟಾಗಿ ಖಾಲಿ. ಮುಂದಿನ ಚಳಿಗಾಲಕ್ಕೆ ಬಾಟಲಿ ಹಿಡಿದು ನೋಡಿದರೆ ಮತ್ತೆ ಕಂದು ನೀರು.

ಕನಿಷ್ಠ ಒಂದು ಗಂಟೆ ಹೀಟಿಂಗ್ ಓಡಿಸಿ, ತಣಿಸಿ, ಮತ್ತೆ ಗಾಳಿ ಬಿಡಿ. ಒತ್ತಡ ಸ್ವಲ್ಪ ಇಳಿದಿರುತ್ತದೆ, ಸರಿಮಾಡಿ. ಬಾಯ್ಲರ್ ಬಿಸಿಯಿರುವಾಗ ತಣ್ಣೀರು ತುಂಬಬೇಡಿ, ಒಳಗಿನ ಲೋಹ ಬಿರುಕು ಬಿಡಬಹುದು.

ಹಂತ 8: ಸುತ್ತುಗಳನ್ನು ವಾಪಸ್ ತನ್ನಿ

ಲಾಕ್‌ಶೀಲ್ಡ್‌ಗಳನ್ನು ಚೀಟಿಯಲ್ಲಿದ್ದಷ್ಟೇ ತೆರೆಯಿರಿ. ಚೀಟಿ ಕಳೆದಿದ್ದರೆ, ಬಾಯ್ಲರ್‌ಗೆ ಹತ್ತಿರದ್ದನ್ನು ಅರ್ಧ ಸುತ್ತು, ಅತಿ ದೂರದ್ದನ್ನು ಪೂರ್ತಿ ತೆರೆದು, ನಡುವಿನವನ್ನು ಅದಕ್ಕೆ ತಕ್ಕಂತೆ ಇಟ್ಟು, ಯಾವುದು ನಿಧಾನ ಬಿಸಿಯಾಗುತ್ತದೆ ನೋಡಿಕೊಂಡು ಕಾಲು ಕಾಲು ಸುತ್ತು ಹೊಂದಿಸಿ. ಒಂದು ಸಂಜೆಯ ಕೆಲಸ.

ಆಮೇಲಿನ ಒಂದು ತಿಂಗಳು

ಮೊದಲ ದಿನ ಬಿಚ್ಚಿದ ಪ್ರತಿ ನಟ್‌ನ ಕೆಳಗೆ ಒಣ ಟಿಶ್ಯೂ ಕಾಗದ ಇಡಿ. ಬೆಳಿಗ್ಗೆ ಒದ್ದೆಯಾಗಿದ್ದರೆ ಎರಡು ಸ್ಪ್ಯಾನರ್ ಹಿಡಿದು ಕಾಲು ಸುತ್ತು ಬಿಗಿಯಿರಿ.

ಫಿಲ್ಟರ್ ಇದ್ದರೆ ಒಂದು ವಾರ ಆದ ಮೇಲೆ ಒಮ್ಮೆ, ಒಂದು ತಿಂಗಳಾದ ಮೇಲೆ ಇನ್ನೊಮ್ಮೆ ತೆರೆದು ತೊಳೆಯಿರಿ. ಎಷ್ಟು ತೊಳೆದರೂ ಮೂಲೆಯಲ್ಲಿ ಉಳಿದದ್ದು ಈ ದಿನಗಳಲ್ಲಿ ಬಂದು ಸೇರುತ್ತದೆ. ಬಾಯ್ಲರ್ ಆರಿಸಿ, ಫಿಲ್ಟರ್‌ನ ಎರಡೂ ಬದಿಯ ವಾಲ್ವ್ ಮುಚ್ಚಿ, ಒತ್ತಡ ಬಿಟ್ಟ ಮೇಲೆಯೇ ಮುಚ್ಚಳ ತೆಗೆಯಬೇಕು.

ಪ್ರತಿ ವಾರ, ತಣ್ಣಗಿರುವಾಗ, ಮಾಪಕ ನೋಡಿ ಬರೆದಿಡಿ. ವಾರ ವಾರವೂ ನೀರು ತುಂಬಬೇಕಾಗುತ್ತಿದ್ದರೆ ಎಲ್ಲೋ ಸೋರಿಕೆ ಇದೆ. ಬಿಸಿಯಾದಾಗ ಮುಳ್ಳು 3ರ ಹತ್ತಿರ ಏರಿ, ತಣ್ಣಗಾದಾಗ ಸೊನ್ನೆಗೆ ಬೀಳುತ್ತಿದ್ದರೆ ಬಿಸಿಯಾಗಿ ಹಿಗ್ಗುವ ನೀರಿಗೆ ಜಾಗ ಕೊಡುವ ಎಕ್ಸ್‌ಪ್ಯಾನ್ಷನ್ ವೆಸಲ್‌ನ ಗಾಳಿ ಹೋಗಿದೆ, ತಿಳಿದವರನ್ನು ಕರೆಸಿ. ತೆರೆದ ವ್ಯವಸ್ಥೆಯವರು ಪಂಪ್ ಓಡುವಾಗ ಅಟ್ಟಕ್ಕೆ ಹೋಗಿ ನೋಡಿ. ಬಾಗಿದ ಪೈಪಿನಿಂದ ಟ್ಯಾಂಕಿಗೆ ನೀರು ಸುರಿಯುತ್ತಿದ್ದರೆ, ಪ್ರತಿ ಸುತ್ತಿನಲ್ಲೂ ಆ ನೀರು ಗಾಳಿ ಹೀರಿಕೊಂಡು ವಾಪಸ್ ಹೋಗುತ್ತಿದೆ. ಕಂದು ನೀರಿಗೆ ಕಾರಣ ಅದೇ ಆಗಿರಬಹುದು.

ವರ್ಷಕ್ಕೊಮ್ಮೆ ಒಂದು ಬಾಟಲಿ ನೀರು ಹಿಡಿದು, ಅಯಸ್ಕಾಂತ ಸರಿಸಿ, ತುಕ್ಕುನಿರೋಧಕದ ಪರೀಕ್ಷಾ ಪಟ್ಟಿ ಅದ್ದಿ ನೋಡಿ. ಯಾವುದಾದರೂ ರೇಡಿಯೇಟರ್ ಬಿಚ್ಚಿದಾಗಲೆಲ್ಲ ಅಷ್ಟು ನಿರೋಧಕ ಹೊರಗೆ ಹೋಯಿತು ಅಂತ ಲೆಕ್ಕ, ಅಷ್ಟನ್ನು ಮತ್ತೆ ಹಾಕಬೇಕು. ಯಾವ ತುಕ್ಕುನಿರೋಧಕ, ಎಷ್ಟು, ಯಾವ ತಾರೀಖು ಅಂತ ಒಂದು ಚೀಟಿಯಲ್ಲಿ ಬರೆದು ಬಾಯ್ಲರ್ ಪಕ್ಕದ ಗೋಡೆಗೆ ಅಂಟಿಸಿಬಿಡಿ. ಲಾಕ್‌ಶೀಲ್ಡ್ ಸುತ್ತುಗಳ ಚೀಟಿಯನ್ನೂ ಅದರ ಕೆಳಗೇ ಅಂಟಿಸಿ.